ಸಂಗೀತದ ಕ್ರಯವೂ ಕ್ಷೇಮವೂ

ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ ಎಂದು ನಮ್ಮ ಪ್ರಾಚೀನರು ಇವೆರಡನ್ನೂ ಬೇರೆ ಬೇರೆಯಾಗಿ ಎಣಿಸಿದರು. ಮನೆಗೆ ಸಂಗೀತವನ್ನು ಕೊಳ್ಳುವ ಗೃಹಸ್ಥನೂ ಈ ಭೇದವನ್ನು ಮರೆಯಲಾಗದು. ಸಿ.ಡಿ. ತಟ್ಟೆ ಲಾಭವೋ, ಅಂತರ್ಜಾಲದಿಂದ ಇಳಿಸಿಕೊಳ್ಳುವ ಹಾಡು ಲಾಭವೋ ಎಂಬ ಪ್ರಶ್ನೆಗೆ ಉತ್ತರವು ಇದರಲ್ಲಿಯೇ ಇರುವುದು.

ಮೊದಲು ಕ್ರಯವನ್ನು ನೋಡುವ. 2012ರಲ್ಲಿ ಫ್ಲಿಪ್‌ಕಾರ್ಟ್ ಸಂಸ್ಥೆಯು ‘ಫ್ಲೈಟ್’ ಎಂಬ ಅಂತರ್ಜಾಲದ ಅಂಗಡಿಯನ್ನು ತೆರೆದು 6 ರೂಪಾಯಿ ಮೊದಲ್ಗೊಂಡು ಹಾಡುಗಳನ್ನು ಬಿಡಿಬಿಡಿಯಾಗಿ ಮಾರತೊಡಗಿತು. ಹಾಡೊಂದಕ್ಕೆ 12 ರೂಪಾಯಿ, ಹತ್ತು ಹಾಡುಗಳ ತಟ್ಟೆಗೆ 150 ರೂಪಾಯಿ ಎಂದಿಟ್ಟುಕೊಳ್ಳಿರಿ. ಹತ್ತೂ ಬೇಕಾದವನಿಗೆ 30 ರೂಪಾಯಿಯಷ್ಟೇ ಅಂತರ. ಎರಡೇ ಹಾಡು ಬೇಕಾದವನಿಗಾದರೋ ಒಂದೆಡೆ 24, ಇನ್ನೊಂದೆಡೆ 150 ರೂಪಾಯಿ ವ್ಯಯ.

ಮಂಗಳೂರಿನ ಮನೆಗಳಲ್ಲಿ ಕೇಳುವುದು ಬಿಡಿಹಾಡುಗಳನ್ನು ಮಾತ್ರವಲ್ಲ; ಇರುಳಿಡೀ ನಡೆಯುವ ಯಕ್ಷಗಾನ, ತಾಳಮದ್ದಳೆಗಳನ್ನು ಸಹ. ಸಾಮಾನ್ಯ ಸಿ.ಡಿ.ಯು 74ರಿಂದ 80 ನಿಮಿಷಗಳನ್ನು ಹಿಡಿಯುವುದರಿಂದ ಆರು ಗಂಟೆಯ ಪ್ರಸಂಗಕ್ಕೆ ಐದು ತಟ್ಟೆಗಳು ಬೇಕು. ಅದೇ ಪ್ರಸಂಗವು 128 ಕಿಲೋಬಿಟ್ ದರ್ಜೆಯ ಎಂಪಿ3 ರೂಪದಲ್ಲಿ ಸುಮಾರು 350 ಮೆಗಾಬೈಟ್ ಸ್ಥಳದಲ್ಲಿ ಅಡಗುವುದು. ಧ್ವನಿಯ ಸೂಕ್ಷ್ಮತೆ ತುಸು ಕುಂದುವುದಾದರೂ ಮಾತಿನ ಸ್ಪಷ್ಟತೆಗೆ ಅಷ್ಟು ಬಾಧಕವಿಲ್ಲ.

ಇನ್ನು ಕ್ಷೇಮದ ವಿಚಾರ. ‘ಫ್ಲೈಟ್’ ಅಂಗಡಿಯು 2013ರಲ್ಲಿಯೇ ಮುಚ್ಚಿತು. ಹಾಡುಗಳನ್ನು ತಮ್ಮ ಯಂತ್ರದಲ್ಲಿ ಇಳಿಸಿಟ್ಟುಕೊಂಡವರಿಗೆ ಮಾತ್ರ ಅವು ಉಳಿದವು. ತಿಂಗಳ ಚಂದಾ ತೆತ್ತು ಕೇಳುವ ಇಂದಿನ ಏರ್ಪಾಡಿನಲ್ಲಿ ಆ ಉಪಾಯವೂ ಸಲ್ಲದು: ಚಂದಾ ನಿಂತೊಡನೆ, ಫೋನಿನಲ್ಲಿ ಇಳಿಸಿಟ್ಟ ಹಾಡೂ ಮೌನವಾಗುವುದು. ಅದು ಬಾಡಿಗೆ, ಸ್ವಾಮ್ಯವಲ್ಲ. ತಟ್ಟೆಗೆ ಈ ಭಯವಿಲ್ಲ. ಆದರೆ ಗೀರು ಬಿದ್ದರೆ, ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದರೆ ಅದೂ ಕೆಡುವುದು. ಮೇಲಾಗಿ ಹೊಸ ಕಂಪ್ಯೂಟರುಗಳಲ್ಲಿ ಬಹುತೇಕವು ತಟ್ಟೆಯನ್ನು ಹಾಕುವ ಬಾಯಿಯನ್ನೇ ಹೊಂದಿರುವುದಿಲ್ಲ.

ಆದಕಾರಣ, ನಾಲ್ಕು ದಿನ ಕೇಳಿ ಮರೆಯುವ ಹಾಡಿಗೆ ಚಂದಾ ಸಾಕು. ಮತ್ತೆ ಮತ್ತೆ ಬೇಕಾಗುವ ಹಾಡನ್ನು ಕ್ರಯಕ್ಕೆ ಪಡೆದು ಇಳಿಸಿಕೊಳ್ಳುವುದು ಲೇಸು. ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿಯೂ, ಬಲಿಪ ನಾರಾಯಣ ಭಾಗವತರು 2023ರಲ್ಲಿಯೂ ತೀರಿಕೊಂಡರು. ಅಂಥವರ ಅರ್ಥಗಾರಿಕೆಯೂ ಪದವೂ ಅಡಕವಾದ ಕ್ಯಾಸೆಟ್ಟು, ತಟ್ಟೆಗಳು ಮನೆಯ ಕಪಾಟಿನಲ್ಲಿದ್ದರೆ ಅವುಗಳಿಗೆ ಪೇಟೆಯ ಕ್ರಯದ ಲೆಕ್ಕ ಸಲ್ಲದು. ಬರುವ ಮಳೆಗಾಲಕ್ಕೆ ಮುಂಚೆ ಅವನ್ನು ಕಂಪ್ಯೂಟರಿಗೆ ಇಳಿಸಿ, ಇನ್ನೊಂದು ಪ್ರತಿಯನ್ನು ಬೇರೆಡೆ ಇರಿಸತಕ್ಕದ್ದು. ಮೊಮ್ಮಕ್ಕಳಿಗೆ ಆ ಧ್ವನಿ ದಕ್ಕಬೇಕಾದರೆ ಅಷ್ಟು ವೆಚ್ಚವು ಅಧಿಕವೆನಿಸದು.