ಯುವ ಕ್ಯಾನ್ಸರ್ ವೈದ್ಯರಿಗೂ ಬೇಕು ಗುರು: ಏನಿದು ಮೆಂಟರ್‌ಶಿಪ್? ರೋಗಿಗೇನು ಲಾಭ?

ಎಂಬಿಬಿಎಸ್, ಎಂಡಿ ಅಥವಾ ಎಂಎಸ್, ಅದರ ಮೇಲೆ ಮೂರು ವರ್ಷದ ಡಿಎಂ ಅಥವಾ ಎಂಸಿಎಚ್. ಕ್ಯಾನ್ಸರ್ ತಜ್ಞರಾಗಲು ಹತ್ತು ವರ್ಷಕ್ಕೂ ಹೆಚ್ಚು ಓದಬೇಕು. ಆದರೂ ವಾರ್ಡ್‌ನಲ್ಲಿ ಹುಟ್ಟುವ ಪ್ರಶ್ನೆಗೆ ಸಂಶೋಧನೆಯ ಮೂಲಕ ಉತ್ತರ ಹುಡುಕುವ ಕಲೆ ಪುಸ್ತಕದಿಂದ ಮಾತ್ರ ಬರುವುದಿಲ್ಲ. ಅನುಭವಿ ತಜ್ಞರೊಬ್ಬರು ಕಿರಿಯರ ಕೈಹಿಡಿದು ನಡೆಸುವ ವ್ಯವಸ್ಥೆಯೇ ಮೆಂಟರ್‌ಶಿಪ್.

ಸಂಶೋಧನೆ ಏಕೆ ಮುಖ್ಯ?

ತಂಬಾಕು, ಗುಟ್ಕಾ ಸೇವನೆಯಿಂದಾಗಿ ಭಾರತದಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚು. ಆರಂಭಿಕ ಹಂತದಲ್ಲಿ ಬಾಯಿಯ ಗಡ್ಡೆ ತೆಗೆಯುವಾಗಲೇ ಕತ್ತಿನ ದುಗ್ಧ ಗ್ರಂಥಿಗಳನ್ನೂ ತೆಗೆಯಬೇಕೇ ಅಥವಾ ಅಲ್ಲಿಗೆ ಹರಡಿದ ಮೇಲೆ ತೆಗೆದರೆ ಸಾಕೇ ಎಂಬ ವಾದ ದಶಕಗಳ ಕಾಲ ಬಗೆಹರಿದಿರಲಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಅನಿಲ್ ಡಿ'ಕ್ರೂಜ್ ಅವರ ತಂಡ 2015ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಮೊದಲೇ ತೆಗೆದವರಲ್ಲಿ ಮೂರು ವರ್ಷ ಬದುಕುಳಿದವರ ಪ್ರಮಾಣ ಶೇ.80. ಕಾದು ನೋಡಿದವರಲ್ಲಿ ಶೇ.67.5. ಇದಕ್ಕೆ ಹೊಸ ಔಷಧ ಬೇಕಾಗಲಿಲ್ಲ, ದುಬಾರಿ ಯಂತ್ರವೂ ಬೇಕಾಗಲಿಲ್ಲ. ನಮ್ಮ ರೋಗಿಗಳ ಪ್ರಶ್ನೆಯನ್ನು ನಮ್ಮ ವೈದ್ಯರೇ ಸರಿಯಾದ ವಿಧಾನದಲ್ಲಿ ಕೇಳಿದ್ದರು.

ಆರು ದಿನಗಳ 'ಕ್ರೆಡೊ'

ಇಂಥ ಪ್ರಶ್ನೆ ಕೇಳಲು ಕಲಿಸುವುದೇ 'ಕ್ರೆಡೊ' ಕಾರ್ಯಾಗಾರ. ಟಾಟಾ ಸ್ಮಾರಕ ಕೇಂದ್ರ ಹಾಗೂ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ 2015ರಲ್ಲಿ ಇದನ್ನು ಆರಂಭಿಸಿದವು. ಯುವ ವೈದ್ಯರು ಒಂದು ಸಂಶೋಧನಾ ಯೋಚನೆಯೊಂದಿಗೆ ಬರುತ್ತಾರೆ. ಸಣ್ಣ ಗುಂಪುಗಳಲ್ಲಿ ದೇಶ, ವಿದೇಶಗಳ ತಜ್ಞರು ಮತ್ತು ಸಂಖ್ಯಾಶಾಸ್ತ್ರಜ್ಞರು ಅದನ್ನು ಪ್ರಶ್ನಿಸುತ್ತಾರೆ, ತಿದ್ದುತ್ತಾರೆ. ಆರು ದಿನ ಮುಗಿಯುವಾಗ ಕೈಯಲ್ಲಿ ಪೂರ್ಣ ಅಧ್ಯಯನ ಯೋಜನೆ ಇರುತ್ತದೆ. ಅಮೆರಿಕದ ವೇಲ್, ಸ್ವಿಟ್ಜರ್ಲೆಂಡ್‌ನ ಫ್ಲಿಮ್ಸ್ ಕಾರ್ಯಾಗಾರಗಳೇ ಇದಕ್ಕೆ ಮಾದರಿ.

ದೊಡ್ಡ ನಗರಗಳಿಗಷ್ಟೇ ಸೀಮಿತವೇ?

ಇಲ್ಲ. 2012ರಲ್ಲಿ ಶುರುವಾದ ಗ್ರಿಡ್‌ನಲ್ಲಿ ಈಗ 300ಕ್ಕೂ ಹೆಚ್ಚು ಸಂಸ್ಥೆಗಳಿವೆ. ಆನ್‌ಲೈನ್ 'ಟ್ಯೂಮರ್ ಬೋರ್ಡ್' ಮೂಲಕ ಕ್ಲಿಷ್ಟ ಪ್ರಕರಣಗಳ ಬಗ್ಗೆ ಹಲವು ತಜ್ಞರು ಒಟ್ಟಿಗೆ ಚರ್ಚಿಸುತ್ತಾರೆ. ಜಿಲ್ಲಾ ಮಟ್ಟದ ಕಿರಿಯ ವೈದ್ಯರಿಗೆ ಅದೇ ಪಾಠಶಾಲೆ. ನಾಸಿಕ್‌ನ ಸಾತಪುರದ ಕಾರ್ಖಾನೆ ಕಾರ್ಮಿಕನಾಗಲಿ, ಕಲಬುರಗಿಯ ರೈತನಾಗಲಿ, ಪ್ರತಿ ಸಲಹೆಗೂ ಮುಂಬೈ ಅಥವಾ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಓಡುವುದು ತಪ್ಪಬೇಕಾದರೆ ಸ್ಥಳೀಯ ವೈದ್ಯರು ಹೀಗೆ ಬೆಳೆಯಲೇಬೇಕು.

ಆದರೆ ಒಂದು ಸವಾಲಿದೆ. ಬೆಳಗ್ಗೆಯಿಂದ ಸಂಜೆವರೆಗೆ ಒಪಿಡಿಯಲ್ಲೇ ಮುಳುಗುವ ಯುವ ವೈದ್ಯರಿಗೆ ಸಂಶೋಧನೆಗೆಂದು ಆಸ್ಪತ್ರೆಯೇ ಸಮಯ ಮೀಸಲಿಡಬೇಕು. ಇಲ್ಲದಿದ್ದರೆ ಕಾರ್ಯಾಗಾರದಲ್ಲಿ ಸಿದ್ಧವಾದ ಯೋಜನೆ ಕಡತದಲ್ಲೇ ಉಳಿಯುತ್ತದೆ.

ರೋಗಿಯ ಕುಟುಂಬದವರೂ ಒಂದು ಕೆಲಸ ಮಾಡಬಹುದು. 'ನಮ್ಮ ಪ್ರಕರಣ ಟ್ಯೂಮರ್ ಬೋರ್ಡ್ ಮುಂದೆ ಬಂದಿದೆಯೇ?' ಎಂದು ವೈದ್ಯರನ್ನು ಕೇಳಿ. ಅದಕ್ಕೆ ಸಂಕೋಚ ಬೇಡ.