ಪಂಜರದ ಗಿಳಿಯೂ ದೇಶದ ಕಾಯಿದೆಯೂ

ಕಳೆದ ಫಾಲ್ಗುಣ ಮಾಸದಲ್ಲಿ, ಯಲಹಂಕದ ನಮ್ಮ ಬೀದಿಯ ಒಣಗಿದ ತೆಂಗಿನಮರವೊಂದನ್ನು ಕಡಿದಾಗ, ಅದರ ಪೊಟರೆಯಿಂದ ಗಿಳಿಮರಿಯೊಂದು ನೆಲಕ್ಕೆ ಬಿದ್ದಿತು. ನೆರೆಮನೆಯ ಹುಡುಗನು ಅದನ್ನು ಎತ್ತಿ ತಂದು, ಹಣ್ಣನ್ನು ಹಿಸುಕಿ ತಿನ್ನಿಸಿ ಬದುಕಿಸಿದನು. ತಿಂಗಳೊಳಗೆ ಜಗಲಿಗೆ ಪಂಜರವು ಬಂದಿತು. ಹಕ್ಕಿಗೆ ಹೆಸರೂ ಆಯಿತು. ನಾವೂ ಹೋಗಿ ನೋಡಿ ಸಂತೋಷಪಟ್ಟವರೇ. ಆ ಮನೆಯವರು ಅರಿಯದೆ ಒಂದು ಅಪರಾಧವನ್ನು ನಡೆಸುತ್ತಿರುವರೆಂಬುದು ಆಗ ನಮಗೂ ಹೊಳೆಯಲಿಲ್ಲ.

ವನ್ಯಜೀವಿಗಳ ಸಂರಕ್ಷಣೆಗಾಗಿ 1972ರಲ್ಲಿ ಆದ ಕಾಯಿದೆಯು 2022ರಲ್ಲಿ ತಿದ್ದಲ್ಪಟ್ಟು, ಆ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ನಮ್ಮ ನಾಡಿನ ಹಸುರು ಗಿಳಿಯು ಅದರ ಎರಡನೆಯ ಅನುಸೂಚಿಯಲ್ಲಿದೆ. ಮನೆಗೆ ಭಾಗ್ಯ ತರುವುದೆಂದು ಕೆಲವರು ಗುಟ್ಟಾಗಿ ಕೊಳ್ಳುವ ನಕ್ಷತ್ರದ ಆಮೆಯಾದರೋ ಮೊದಲನೆಯದರಲ್ಲಿಯೇ ಇದೆ. ಕಾಡುಪ್ರಾಣಿಯನ್ನು ಹಿಡಿಯುವುದೂ ಕಾಯಿದೆಯ ಕಣ್ಣಿಗೆ ಬೇಟೆಯೇ. ಮೊದಲನೆಯ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಶಿಕ್ಷೆಯು ಮೂರರಿಂದ ಏಳು ವರ್ಷಗಳ ಸೆರೆವಾಸ. ಅದರೊಡನೆ 25,000 ರೂಪಾಯಿಗಳಿಗೆ ಕಡಮೆಯಿಲ್ಲದ ದಂಡ.

ಹಾಗಾದರೆ ಪರದೇಶದ ಪ್ರಾಣಿಗಳನ್ನು ಸಾಕಬಹುದೆ ಎಂದು ವಾಚಕರು ಕೇಳಬಹುದು. ಆಸ್ಟ್ರೇಲಿಯಾ ಮೂಲದ ಪುಟ್ಟ ಬಣ್ಣದ ಬಡ್ಜಿ ಹಕ್ಕಿಗಳಿಗೆ ಈ ಕಾಯಿದೆಯ ಅಡ್ಡಿಯಿಲ್ಲ. ಆದರೆ ಆಫ್ರಿಕದ ಬೂದುಗಿಳಿ, ಮಕಾವ್, ಇಗ್ವಾನ ಮೊದಲಾದುವು ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದುವು. 2024ರ ಫೆಬ್ರವರಿಯ ನಿಯಮಗಳಂತೆ ಇಂಥವನ್ನು 'ಪರಿವೇಶ್' ಎಂಬ ಸರಕಾರದ ಜಾಲತಾಣದಲ್ಲಿ ನೋಂದಾಯಿಸತಕ್ಕದ್ದು. ಮೊದಲಿನಿಂದ ಇದ್ದ ಪ್ರಾಣಿಗಳಿಗೆ ಕೊಟ್ಟಿದ್ದ ಆರು ತಿಂಗಳ ಅವಧಿಯು ಅದೇ ವರ್ಷದ ಆಗಸ್ಟಿನಲ್ಲಿ ಮುಗಿಯಿತು. ಹೊಸದಾಗಿ ಪಡೆದವರಿಗೆ 30 ದಿನಗಳು ಮಾತ್ರ. ಮರಿ ಹುಟ್ಟಿದರೂ, ಪ್ರಾಣಿ ಸತ್ತರೂ, ಕೈಬದಲಾದರೂ ತಿಳಿಸಬೇಕು. ಅಂಗಡಿಯವನು 'ಎಲ್ಲ ಸರಿಯಾಗಿದೆ ಸ್ವಾಮಿ' ಎಂದರೆ ಸಾಲದು, ಕಾಗದವನ್ನು ಕೇಳಬೇಕು.

ಇದು ಬರಿಯ ಕಾಗದದ ಗೋಜೆಂದು ತಿಳಿಯಬಾರದು. ನಮ್ಮೂರಿಗೆ ಉತ್ತರದಲ್ಲಿ, ಬಳ್ಳಾರಿ ರಸ್ತೆಯಲ್ಲಿ ಮುಂದೆ ಹೋದರೆ ಸಿಕ್ಕುವ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ, 2023ರ ಆಗಸ್ಟಿನಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನೊಬ್ಬನ ಪೆಟ್ಟಿಗೆಗಳಲ್ಲಿ 234 ಪ್ರಾಣಿಗಳು ಸಿಕ್ಕಿದುವು. ಹೆಬ್ಬಾವು, ಗೋಸುಂಬೆ, ಆಮೆ, ಮೊಸಳೆಯ ಜಾತಿಯ ಮರಿಗಳು. ಅವುಗಳ ನಡುವೆ ಕಾಂಗರೂವಿನ ಮರಿಯೊಂದು ಉಸಿರುಕಟ್ಟಿ ಸತ್ತಿದ್ದಿತು. ಯಾರದೋ ಮನೆಯ ಮಕ್ಕಳ ಆಟಕ್ಕೆಂದು ಹೊರಟಿದ್ದ ಮರಿಯೋ ಏನೋ!

ಈ ಸಂಗತಿಗಳನ್ನು ನಾವು ನೆರೆಮನೆಯಲ್ಲಿ ಹೇಳಿದಾಗ, ಹುಡುಗನ ಅಜ್ಜಿಯು, "ನಮ್ಮಮ್ಮನೂ ಗಿಳಿ ಸಾಕಿದ್ದಳಲ್ಲ, ಅವಳೂ ಕಳ್ಳಿಯೇನು?" ಎಂದು ನೊಂದು ಕೇಳಿದರು. ಆ ತಾಯಿಯ ಕಾಲಕ್ಕೆ ಈ ಕಾಯಿದೆಯೇ ಇರಲಿಲ್ಲವೆಂದು ಸಮಾಧಾನ ಹೇಳಿದೆವು. ಹುಡುಗನು ಆ ಸಂಜೆಯೇ ಪಂಜರದ ಬಾಗಿಲನ್ನು ತೆರೆಯಹೊರಟನು. ನಾವು ತಡೆದೆವು, ಕೈತುತ್ತಿನಲ್ಲಿ ಬೆಳೆದ ಹಕ್ಕಿಗೆ ಆಹಾರವನ್ನು ಅರಸುವುದೂ ಹದ್ದು ಬೆಕ್ಕುಗಳಿಗೆ ಅಂಜುವುದೂ ತಿಳಿಯದು. ಸಾಕಿ ಬೇಸರವಾದ ಪರದೇಶದ ಆಮೆಗಳನ್ನು ಕೆರೆಗೆ ಬಿಡುವುದಂತೂ ಇನ್ನೂ ಕೆಟ್ಟದ್ದು. ಅವು ಅಲ್ಲಿಯ ಜೀವಿಗಳ ಅನ್ನಕ್ಕೆ ಕೈಹಾಕುತ್ತವೆ. 2015ರಲ್ಲಿ ಪಕ್ಷಿಗಳ ಸಂರಕ್ಷಣೆಗೆಂದು ಸರಕಾರವು ಘೋಷಿಸಿದ ಪುಟ್ಟೇನಹಳ್ಳಿಯ ಕೆರೆಯು ನಮ್ಮ ಯಲಹಂಕದಲ್ಲಿಯೇ ಇರುವುದರಿಂದ ಇಷ್ಟನ್ನು ಹೇಳಬೇಕಾಯಿತು.

ಮರುದಿನ ಮನೆಯವರೇ ಅರಣ್ಯ ಇಲಾಖೆಗೆ ತಿಳಿಸಿ ಗಿಳಿಯನ್ನು ಒಪ್ಪಿಸಿದರು. ಬೇರೆ ಗಿಳಿಗಳ ಜೊತೆಯಲ್ಲಿ ಕೆಲವು ಕಾಲ ಇಟ್ಟು, ರೆಕ್ಕೆ ಬಲಿತ ಮೇಲೆ ಬಿಡುವರೆಂದು ಕೇಳಿದೆವು. ಹುಡುಗನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಈಗ ಸಂಜೆಯ ಹೊತ್ತು ಗಿಳಿಗಳ ಹಿಂಡು ಕೂಗುತ್ತ ಮನೆಯ ಮೇಲೆ ಹಾದುಹೋದರೆ, ಪುಸ್ತಕವನ್ನು ಬಿಟ್ಟು ಅಂಗಳಕ್ಕೆ ಓಡುತ್ತಾನೆ.