ಬೇಸಿಗೆಯ ಬಯಲಿನಲ್ಲಿ ಆರ್ಕಿಡ್: ಗಿಡಕ್ಕಿಂತ ಮೊದಲು ನೀರಿನ ಲೆಕ್ಕ

ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು 2001ರ ಫೆಬ್ರವರಿ 28ರಂದು ಮುಚ್ಚಿದ ಬಳಿಕ ಮೈಸೂರು ಮೈನ್ಸ್, ಊರಿಗಾಂ, ಚಾಂಪಿಯನ್ ರೀಫ್ ಭಾಗದ ಕುಟುಂಬಗಳು ಪರ್ಯಾಯ ಜೀವನೋಪಾಯವನ್ನು ಅರಸಬೇಕಾಯಿತು. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿಬರುವವರ ಸಂಖ್ಯೆ ಇಂದಿಗೂ ದೊಡ್ಡದು. ಊರಿನಲ್ಲಿಯೇ ಉಳಿದು ಕೈಗೊಳ್ಳಬಹುದಾದ ಸಣ್ಣ ಉದ್ಯಮಗಳ ಪೈಕಿ ಆರ್ಕಿಡ್ ಪುಷ್ಪಕೃಷಿಯೂ ಒಂದು. ಮದುವೆ ಮಂಟಪಗಳ ಅಲಂಕಾರಕ್ಕೆ ಬಳಸುವ ಡೆಂಡ್ರೋಬಿಯಂ ಹೂಗಳು ಥಾಯ್ಲೆಂಡಿನಿಂದ ವಿಮಾನದಲ್ಲಿ ಬರುತ್ತಿರುವಾಗ, ಬಂಗಾರಪೇಟೆಯಿಂದ ಬೆಂಗಳೂರಿನ ಮಾರುಕಟ್ಟೆ ಇರುವುದು ಕೇವಲ ಸುಮಾರು 70 ಕಿ.ಮೀ. ದೂರದಲ್ಲಿ. ಆದರೆ ಅಂಗಾಂಶ ಕೃಷಿಯ ಸಣ್ಣ ಸಸಿ ಹೂ ಬಿಡಲು ಎರಡು ವರ್ಷಗಳಾದರೂ ಬೇಕು. ಒಂದು ಏಪ್ರಿಲ್ ತಿಂಗಳ ಅಜಾಗರೂಕತೆ ಆ ಎರಡು ವರ್ಷಗಳ ಬಂಡವಾಳವನ್ನು ನುಂಗಿಹಾಕಬಲ್ಲದು.

ಬಿಸಿಲೊಂದೇ ಈ ಗಿಡದ ಶತ್ರುವಲ್ಲ. ಡೆಂಡ್ರೋಬಿಯಂ, ವ್ಯಾಂಡಾ ಮೊದಲಾದ ಜಾತಿಗಳು ಉಷ್ಣವಲಯದವೇ. ವ್ಯಾಂಡಾ ಟೆಸೆಲ್ಲಾಟ ಎಂಬ ಜಾತಿಯಂತೂ ದಖನ್ನಿನ ಒಣನಾಡಿನ ಮರಗಳ ಮೇಲೆ ತಾನಾಗಿಯೇ ಬೆಳೆಯುತ್ತದೆ. ಇಂತಹ ಆರ್ಕಿಡ್‌ಗಳು ನೀರನ್ನು ಉಳಿಸುವ ಸಲುವಾಗಿ ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಬಹುಮಟ್ಟಿಗೆ ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತವೆ. ಇದರಿಂದ ಎರಡು ಪರಿಣಾಮಗಳುಂಟು. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿರುವ ಗಣಿ ಪ್ರದೇಶದ ತಂಪಾದ ರಾತ್ರಿಗಳು ಗಿಡಕ್ಕೆ ಅನುಕೂಲಕರ. ಆದರೆ ರಂಧ್ರ ಮುಚ್ಚಿದ ಎಲೆಗೆ ನೀರನ್ನು ಆವಿಯಾಗಿಸಿ ತಂಪಾಗುವ ಅವಕಾಶ ಹಗಲಿನಲ್ಲಿ ಕಡಿಮೆ. ನೇರ ಬಿಸಿಲು ತಾಗಿದ ಎಲೆಯು ಸುತ್ತಲಿನ ಗಾಳಿಗಿಂತಲೂ ಹೆಚ್ಚು ಕಾಯುತ್ತದೆ. ಮಧ್ಯಾಹ್ನ ಎಲೆಯನ್ನು ಮುಟ್ಟಿದಾಗ ಕೈಗೆ ಬಿಸಿ ಹತ್ತಿದರೆ ನೆರಳು ಸಾಲದೆಂದೇ ಅರ್ಥ. ಬಿಳಿಚಿದ ಕಲೆ ಬಿದ್ದ ಮೇಲೆ ಆ ಎಲೆ ಮತ್ತೆ ಹಸಿರಾಗದು.

ಡೆಂಡ್ರೋಬಿಯಂಗೆ ಶೇ. 50ರಷ್ಟು ನೆರಳು ನೀಡುವ ಬಲೆ ಸಾಮಾನ್ಯವಾಗಿ ಸಾಕು, ಫೆಲನಾಪ್ಸಿಸ್‌ಗೆ ಶೇ. 75ರಷ್ಟಾದರೂ ಬೇಕು. ಮಾರ್ಚ್‌ನಿಂದ ಮೇವರೆಗೆ ಬಲೆಯ ಮೇಲೆ, ನಡುವೆ ಒಂದೆರಡು ಅಡಿ ಅಂತರವಿಟ್ಟು, ಇನ್ನೊಂದು ತೆಳುಬಲೆಯನ್ನು ಎಳೆಯುವುದು ಲೇಸು. ಖರ್ಚು ಉಳಿಸಲೆಂದು ಬಲೆಯನ್ನು ತಲೆಮಟ್ಟಕ್ಕೆ ಕಟ್ಟುವುದು ತಪ್ಪು ಲೆಕ್ಕ. ಹತ್ತು ಹನ್ನೆರಡು ಅಡಿ ಎತ್ತರವಿಲ್ಲದಿದ್ದರೆ ಕಾದ ಗಾಳಿ ಗಿಡಗಳ ಮೇಲೆಯೇ ನಿಲ್ಲುತ್ತದೆ. ನೀರನ್ನು ಬೆಳಗಿನ ಜಾವ ಕೊಡಬೇಕು. ನಡುಮಧ್ಯಾಹ್ನ ಗಿಡಕ್ಕೆ ಸುರಿಯದೆ ನೆಲವನ್ನು ಮಾತ್ರ ತೋಯಿಸಿದರೆ ಗಾಳಿಯ ತೇವಾಂಶ ಏರುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರುವುದಾದರೆ, ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆಳದ ಕೊಳವೆಬಾವಿಯ ನೀರು ಅನೇಕ ಕಡೆ ಗಡಸು. ಆರ್ಕಿಡ್‌ನ ಬೇರಿಗೆ ಸ್ಪಂಜಿನಂತಹ ಬಿಳಿಯ ಹೊದಿಕೆಯಿದ್ದು, ಸಿಕ್ಕ ನೀರನ್ನೆಲ್ಲ ತಕ್ಷಣ ಹೀರುತ್ತದೆ. ಬೇಸಿಗೆಯಲ್ಲಿ ನೀರು ಆವಿಯಾಗಿ ಲವಣ ಮಾತ್ರ ಬೇರಿನಲ್ಲಿ, ಇದ್ದಿಲು ಮತ್ತು ತೆಂಗಿನ ಸಿಪ್ಪೆಯ ಮಾಧ್ಯಮದಲ್ಲಿ ಉಳಿಯುತ್ತದೆ. ಬೇರಿನ ತುದಿ ಕರಕಲಾಗುವುದನ್ನು ಕಂಡ ಬೆಳೆಗಾರ ಬಿಸಿಲನ್ನು ದೂಷಿಸಿ ಅದೇ ನೀರನ್ನು ಇನ್ನಷ್ಟು ಸುರಿಯುತ್ತಾನೆ. ಹಾನಿ ಇಮ್ಮಡಿಯಾಗುತ್ತದೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆಯಾದರೂ ಅದರ ಉದ್ದೇಶ ಅಂತರ್ಜಲ ಮರುಪೂರಣವೇ ಹೊರತು ಇಂತಹ ಸೂಕ್ಷ್ಮ ಬೆಳೆಗೆ ನೇರ ಬಳಕೆಯಲ್ಲ.

ಪರಿಹಾರ ಸಣ್ಣ ಕೈಗಾರಿಕೆಗಳ ತಲೆಯ ಮೇಲೆಯೇ ಇದೆ: ಶೆಡ್ಡಿನ ತಗಡಿನ ಛಾವಣಿ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 700 ಮಿ.ಮೀ. ಮಳೆಯೆಂದು ಹಿಡಿದರೆ 150 ಚದರ ಮೀಟರ್ ಛಾವಣಿಗೆ 1,05,000 ಲೀಟರ್; ಶೇ. 20ರಷ್ಟು ನಷ್ಟ ಕಳೆದರೂ 84,000 ಲೀಟರ್. 200 ಚದರ ಮೀಟರ್ ನೆರಳುಮನೆಗೆ ಚದರ ಮೀಟರಿಗೆ ದಿನಕ್ಕೆ 4 ಲೀಟರ್‌ನಂತೆ 90 ದಿನಗಳಿಗೆ ಬೇಕಾಗುವುದು 72,000 ಲೀಟರ್. ಒಂದು ಪಾಲು ಕೊಳವೆಬಾವಿ ನೀರಿಗೆ ಮೂರು ಪಾಲು ಮಳೆನೀರು ಬೆರೆಸಿದರೆ ಲವಣಾಂಶ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ಸಂಗ್ರಹಿಸಬೇಕಾದ ಮಳೆನೀರು 54,000 ಲೀಟರಿಗೆ ತಗ್ಗುತ್ತದೆ. ಅಷ್ಟು ದೊಡ್ಡ ಸಂಪು ಕಟ್ಟಿಸುವ ವೆಚ್ಚವನ್ನು ಯೋಜನಾ ವರದಿಯಲ್ಲಿ ಗಿಡಗಳ ಬೆಲೆಗಿಂತ ಮೊದಲೇ ಬರೆಯುವುದು ಒಳಿತು. ಸೈನೈಡ್ ದಿಬ್ಬಗಳ ಸಮೀಪದ ಛಾವಣಿಗಳ ಮೇಲೆ ಗಾಳಿಗೆ ಧೂಳು ಕೂರುವುದರಿಂದ, ಅಲ್ಲಿ ಮೊದಲ ಮಳೆಗಳ ನೀರನ್ನು ಹೊರಗೆ ಹರಿಯಬಿಡಲೇಬೇಕು. ಸಂಪಿನ ನೀರನ್ನು ಪರೀಕ್ಷೆಗೆ ಕಳುಹಿಸದೆ ಗಿಡ ಕೊಳ್ಳಬಾರದು.

ಕಡುಬೇಸಿಗೆಯಲ್ಲಿ ಗೊಬ್ಬರದ ದ್ರಾವಣವನ್ನು ಅರ್ಧಕ್ಕೆ ಇಳಿಸಬೇಕು. ಒಣಹವೆಯಲ್ಲಿ ಕೆಂಪುನುಸಿ ಎಲೆಯ ಅಡಿಯಲ್ಲಿ ಸೇರುತ್ತದೆ. ಕಾಡಿನ ಸೀತಾಳೆಯನ್ನು ಕಿತ್ತು ತಂದು ಮಾರುವುದು ಕಾನೂನಿನ ತೊಡಕಿಗೆ ಆಹ್ವಾನ. ನರ್ಸರಿಯ ರಶೀದಿ ಕೈಯಲ್ಲಿರಲಿ. ಏಪ್ರಿಲ್-ಮೇ ತಿಂಗಳುಗಳಲ್ಲಿ ಸಂಜೆಯ ಮಳೆಯೊಡನೆ ಆಲಿಕಲ್ಲು ಬೀಳುವುದುಂಟು. ಆಗ ಸಡಿಲ ಬಲೆ ಜೋತುಬಿದ್ದು ಹರಿಯುತ್ತದೆ, ಎಲೆಯ ಗಾಯಗಳ ಮೂಲಕ ಕೊಳೆರೋಗ ನುಗ್ಗುತ್ತದೆ. ಆದುದರಿಂದ ಬಲೆಯ ತಂತಿಗಳನ್ನು ಮಾರ್ಚ್ ತಿಂಗಳಲ್ಲಿಯೇ ಬಿಗಿಗೊಳಿಸಿ, ಅಂತಹ ಮಳೆಯ ಮರುದಿನ ಬೆಳಗ್ಗೆ ಕೊಳೆತ ಭಾಗಗಳನ್ನು ಕತ್ತರಿಸಿ ತೆಗೆದು, ಎಲೆಗಳ ಸುಳಿಯಲ್ಲಿ ನಿಂತ ನೀರನ್ನು ಚೆಲ್ಲಿ, ಆ ದಿನದ ನೀರಾವರಿಯನ್ನು ಬಿಡತಕ್ಕದ್ದು.